ಉಪಕಥೆಯನ್ನು ದಾಟಿ ಹೋಗಬಹುದೇ?

ಬಹುದಿನಗಳಿಂದ ನಡೆದು ಬಂದ ಧಾರಾವಾಹಿಯೊಂದನ್ನು ತಡವಾಗಿ ಹಿಡಿದವರು ಹಿಂದಿನ ಕಂತುಗಳನ್ನೆಲ್ಲ ನೋಡಿ ಮುಗಿಸತಕ್ಕದ್ದೋ, ಅಥವಾ ಮುಖ್ಯಕಥೆಯ ಹಂಗಿಲ್ಲದೆ ತಮ್ಮಷ್ಟಕ್ಕೆ ತಾವೇ ಮೊದಲಾಗಿ ತಾವೇ ಮುಗಿಯುವ ಕಂತುಗಳನ್ನು ಬಿಟ್ಟು ಮುಂದೆ ಸಾಗಬಹುದೋ ಎಂಬ ಪ್ರಶ್ನೆಯು ಈಗ ಮನೆಮನೆಗಳಲ್ಲಿ ಕೇಳಬರುತ್ತಿರುವದು. ಹಳೆಯ ಕಥೆಗಳೂ ಹೊಸ ಕಥೆಗಳೂ ಅಂಗೈಯೊಳಗಿನ ಮೊಬೈಲಿನಲ್ಲಿ ಒಟ್ಟಿಗೆ ದೊರೆಯಹತ್ತಿದ ಮೇಲೆ ರೋಣ, ನರಗುಂದ, ಗಜೇಂದ್ರಗಡಗಳ ಮನೆಗಳಿಗೂ ಬೆಂಗಳೂರಿನ ಮನೆಗಳಿಗೂ ಈ ವಿಷಯದಲ್ಲಿ ಭೇದವುಳಿದಿಲ್ಲ. ಇದನ್ನು ಕೇವಲ ಹುಡುಗರ ಹರಟೆಯೆಂದು ತಳ್ಳಿಬಿಡುವದು ಯುಕ್ತವಲ್ಲ. ಕಥೆಯಲ್ಲಿ ಮುಖ್ಯವಾದುದು ಯಾವುದು, ಅಮುಖ್ಯವಾದುದು ಯಾವುದು ಎಂದು ನಮ್ಮ ಹಿರಿಯರು ಸಾವಿರಾರು ವರ್ಷ ವಿಚಾರಿಸಿದ ಪ್ರಶ್ನೆಯೇ ಹೊಸ ವೇಷದಿಂದ ನಮ್ಮ ಪಡಸಾಲೆಗೆ ಬಂದು ನಿಂತಿರುವದು. ಆದುದರಿಂದ ಈ ಪತ್ರಿಕೆಯಲ್ಲಿ ಅದರ ಚರ್ಚೆಯು ಅಸ್ಥಾನದಲ್ಲಾಯಿತೆಂದು ವಾಚಕರು ತಿಳಿಯಲಾರರೆಂದು ನಂಬಿರುವೆನು.

ಪ್ರಶ್ನೆಯು ಹುಟ್ಟುವದಕ್ಕೆ ಕಾರಣವು ಕಾಲದ ಅಭಾವವೆಂಬುದು ಸ್ಪಷ್ಟ. ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ವು 1988ರಿಂದ 1990ರ ವರೆಗೆ ದೂರದರ್ಶನದಲ್ಲಿ ರವಿವಾರಕ್ಕೊಂದರಂತೆ 94 ಕಂತುಗಳಲ್ಲಿ ಪ್ರಸಾರವಾಯಿತು. ಒಂದೊಂದು ಕಂತಿಗೆ ಮುಕ್ಕಾಲು ತಾಸೆಂದು ಹಿಡಿದರೂ 70 ತಾಸುಗಳಾಗುವವು. ಆಗ ಅದನ್ನು ನೋಡಿದವರಿಗೆ ವಾರಕ್ಕೊಮ್ಮೆ ಕೂಡ್ರುವದು ಭಾರವಾಗಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ದೂರದರ್ಶನವು ಅದನ್ನು ಮರಳಿ ಪ್ರಸಾರ ಮಾಡಿದ್ದರಿಂದ ಮೊಮ್ಮಕ್ಕಳ ಪೀಳಿಗೆಯೂ ಅದನ್ನು ಕಂಡಿತು. ಇನ್ನು ದಿನದಿನದ ಧಾರಾವಾಹಿಗಳ ಲೆಕ್ಕವನ್ನು ನೋಡಿರಿ. ವಾರಕ್ಕೆ 5 ಕಂತುಗಳಂತೆ ವರ್ಷಕ್ಕೆ 260. ಮೂರು ವರ್ಷ ನಡೆದರೆ 780. ಜಾಹೀರಾತುಗಳನ್ನು ಕಳೆದು ಕಂತಿಗೆ 22 ನಿಮಿಷಗಳೆಂದರೂ 286 ತಾಸುಗಳು. ಸಂಸಾರವಂದಿಗರು ಇಷ್ಟು ಕಾಲವನ್ನು ಎಲ್ಲಿಂದ ತರಬೇಕು? ಟಿ. ಎನ್. ಸೀತಾರಾಮ್ ಮತ್ತು ಅವರ ಸಂಗಡಿಗರು 1998ರಲ್ಲಿ ತೋರಿಸಿದ ‘ಮಾಯಾಮೃಗ’ದ ಕಥೆಯು 2022ರಲ್ಲಿ ‘ಮತ್ತೆ ಮಾಯಾಮೃಗ’ವೆಂದು ಮುಂದುವರಿದಾಗ, ಮೊದಲಿನದನ್ನು ನೋಡದ ಎಳೆಯರಿಗೆ ಈ ತೊಡಕು ಪ್ರತ್ಯಕ್ಷವಾಗಿ ಎದುರಾಯಿತು. ಹಿಂದಿನದನ್ನು ತಿಳಿಯದೆ ಮುಂದಿನದು ರುಚಿಸದು. ಹಿಂದಿನದನ್ನೆಲ್ಲ ನೋಡಲು ಹೊತ್ತಿಲ್ಲ. ಹೀಗಿರಲು ಏನನ್ನಾದರೂ ಬಿಡಲೇಬೇಕು. ಬಿಡತಕ್ಕದ್ದು ಯಾವುದು ಎಂಬುದೇ ವಿಚಾರ.

ವಿಚಾರದ ಅನುಕೂಲಕ್ಕಾಗಿ, ಒಂದರಿಂದೊಂದಕ್ಕೆ ಕಥೆಯನ್ನೆಳೆದುಕೊಂಡು ಹೋಗುವ ಕಂತುಗಳನ್ನು ‘ಎಳೆಯ ಕಂತು’ಗಳೆಂತಲೂ, ತನ್ನಲ್ಲಿಯೇ ಪೂರ್ಣವಾಗುವ ಕಂತನ್ನು ‘ಬಿಡಿಕಂತು’ ಎಂತಲೂ ಕರೆಯೋಣ. ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಬಿಡಿಕಂತನ್ನು ಬಿಡಬೇಕೆನ್ನುವವರ ವಾದವು ಮೂರು ಬಗೆಯದು. ಮೊದಲನೇದು, ಅದನ್ನು ಬಿಟ್ಟರೆ ಮುಂದಿನ ಕಥೆ ತಿಳಿಯುವದಕ್ಕೆ ಅಡ್ಡಿಯಿಲ್ಲ. ಅಡ್ಡಿಯಿಲ್ಲದ್ದನ್ನು ಬಿಡುವದೇ ಜಾಣತನ. ಎರಡನೇದು, ಎಷ್ಟೋ ಬಿಡಿಕಂತುಗಳು ಕಥೆಗಾರನಿಗೆ ಮುಂದಿನದು ತೋಚದೆ ಇದ್ದಾಗ ಕಾಲ ತಳ್ಳಲು ಹೊಸೆದವುಗಳಾಗಿರುತ್ತವೆ. ಮೂರನೇದು, ಅವು ಎಲ್ಲಿಗೂ ಓಡಿ ಹೋಗುವವುಗಳಲ್ಲ, ಬಿಡುವಾದಾಗ ನೋಡಿದರಾಯಿತು. ಈ ಮೂರರಲ್ಲಿಯೂ ಸತ್ಯಾಂಶವಿರುವದು. ಆದರೆ ಮೂರರ ಬುಡದಲ್ಲಿಯೂ ಒಂದು ತಪ್ಪು ಎಣಿಕೆಯುಂಟು. ‘ಮುಂದೇನಾಯಿತು’ ಎಂಬುದೇ ಕಥೆಯ ಸರ್ವಸ್ವವೆಂಬುದೇ ಆ ಎಣಿಕೆ.

ನಮ್ಮ ಶಾಸ್ತ್ರಕಾರರು ಹಾಗೆ ಎಣಿಸಲಿಲ್ಲ. ಹತ್ತನೆಯ ಶತಮಾನದಲ್ಲಿ ಮುಂಜರಾಜನ ಆಶ್ರಯದಲ್ಲಿದ್ದ ಧನಂಜಯನು ತನ್ನ ‘ದಶರೂಪಕ’ದಲ್ಲಿ ಕಥಾವಸ್ತುವನ್ನು ಆಧಿಕಾರಿಕ, ಪ್ರಾಸಂಗಿಕ ಎಂದು ಎರಡಾಗಿ ವಿಭಾಗಿಸುವನು. ಫಲಕ್ಕೆ ಒಡೆಯನಾದ ನಾಯಕನ ಕಥೆಯು ಆಧಿಕಾರಿಕ. ಅದಕ್ಕೆ ಒದಗಿ ಬರುವದು ಪ್ರಾಸಂಗಿಕ. ಪ್ರಾಸಂಗಿಕದಲ್ಲಿಯೂ ದೂರದ ವರೆಗೆ ಜೊತೆಯಾಗಿ ಬರುವದಕ್ಕೆ ‘ಪತಾಕೆ’ ಎಂದೂ, ಒಂದೆಡೆಯಲ್ಲಿ ತೋರಿ ಅಲ್ಲಿಯೇ ಮುಗಿಯುವದಕ್ಕೆ ‘ಪ್ರಕರಿ’ ಎಂದೂ ಹೆಸರು. ರಾಮನ ಕಥೆಯಲ್ಲಿ ಸುಗ್ರೀವನ ವೃತ್ತಾಂತವು ಪತಾಕೆ, ಶಬರಿಯದು ಪ್ರಕರಿ. ಇಂದಿನ ಬಿಡಿಕಂತು ಈ ಪ್ರಕರಿಯ ವಂಶದ್ದೇ ಸರಿ. ಗಮನಿಸತಕ್ಕ ಸಂಗತಿಯೇನೆಂದರೆ, ಪ್ರಕರಿಯನ್ನು ಶಾಸ್ತ್ರವು ಹೊರಗಿನ ಕಸವೆಂದು ಗುಡಿಸಿಹಾಕದೆ, ಬೀಜ ಬಿಂದುಗಳೊಡನೆ ಕೂಡ್ರಿಸಿ ಐದು ಅರ್ಥಪ್ರಕೃತಿಗಳಲ್ಲಿ ಒಂದಾಗಿ ಎಣಿಸಿತು. ಅದರಲ್ಲಿಯೂ ‘ಬಿಂದು’ವಿನ ಲಕ್ಷಣವು ನಮ್ಮ ಪ್ರಶ್ನೆಗೆ ಬಹಳ ಉಪಕಾರಿಯಾದುದು. ನಡುವೆ ಬೇರೊಂದು ವಿಷಯವು ಬಂದು ಮುಖ್ಯಕಥೆಯು ಕಡಿದಂತಾದಾಗ, ಅದು ಕಡಿಯದಂತೆ ಮರಳಿ ಕೂಡಿಸುವ ಅಂಶವೇ ಬಿಂದು. ಅಂದರೆ ಕಥೆಯು ನಡುವೆ ಕಡಿಯುವದು ಶಾಸ್ತ್ರಕಾರನಿಗೆ ದೋಷವಾಗಿ ಕಾಣಲಿಲ್ಲ. ಕಡಿದದ್ದನ್ನು ಕೂಡಿಸಲು ಬಾರದಿದ್ದರೆ ಮಾತ್ರ ದೋಷ. ಬಿಡಿಕಂತಿನ ಗುಣಾವಗುಣಗಳನ್ನು ಅಳೆಯುವದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಶಾಸ್ತ್ರದಿಂದ ನಮ್ಮ ನೆಲಕ್ಕೆ ಬರೋಣ. ಕನ್ನಡದಲ್ಲಿ ಕಥೆಯೊಳಗೆ ಕಥೆಯಿಟ್ಟು ಹೇಳುವ ವಿದ್ಯೆಯನ್ನು ಬೆಳಗಿಸಿದವರಲ್ಲಿ ಅಗ್ರಗಣ್ಯನಾದ ದುರ್ಗಸಿಂಹನು ನಮ್ಮವನೇ. ಚಾಲುಕ್ಯ ಜಯಸಿಂಹ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದ ಈತನ ಊರು ಕಿಸುಕಾಡು ನಾಡಿನ ಸಯ್ಯಡಿ. ಅದು ಈಗಿನ ರೋಣ ತಾಲೂಕಿನ ಸವಡಿಯೆಂದು ವಿದ್ವಾಂಸರು ಗುರುತಿಸಿರುವರು. 1031ರ ಸುಮಾರಿಗೆ ಆತನು ವಸುಭಾಗಭಟ್ಟನ ಸಂಪ್ರದಾಯವನ್ನು ಅನುಸರಿಸಿ ‘ಪಂಚತಂತ್ರ’ವನ್ನು ಚಂಪುವಾಗಿ ರಚಿಸಿದನು. ಪಂಚತಂತ್ರದ ಮೊದಲನೆಯ ತಂತ್ರದ ಎಳೆಯನ್ನಷ್ಟೇ ಹಿಡಿದರೆ ಉಳಿಯುವದೇನು? ಪಿಂಗಳಕನೆಂಬ ಸಿಂಹವು ಸಂಜೀವಕನೆಂಬ ಎತ್ತಿನ ಗುಟುರಿಗೆ ಹೆದರಿತು; ದಮನಕನೆಂಬ ನರಿಯು ಅವೆರಡಕ್ಕೂ ಸ್ನೇಹ ಮಾಡಿಸಿತು; ಆಮೇಲೆ ಅದೇ ನರಿಯು ಸ್ನೇಹವನ್ನು ಮುರಿಸಿ ಎತ್ತನ್ನು ಕೊಲ್ಲಿಸಿತು. ಇಷ್ಟೇ. ಅರ್ಧ ಪುಟ ಸಾಕು. ಆದರೆ ಸಿಂಹದ ಮನಸ್ಸು ಸ್ನೇಹದಿಂದ ಸಂಶಯಕ್ಕೆ, ಸಂಶಯದಿಂದ ಕೊಲೆಗೆ ಹೇಗೆ ಇಳಿಯಿತೆಂಬುದು ಈ ಅರ್ಧ ಪುಟದಲ್ಲಿಲ್ಲ. ಅದಿರುವದು ನರಿಗಳು ಮಾತಿನ ನಡುವೆ ಹೇಳುವ ಬಿಡಿಕಥೆಗಳಲ್ಲಿ. ತನಗೆ ಸಂಬಂಧಿಸದ ಕೆಲಸಕ್ಕೆ ಕೈಹಾಕಬೇಡವೆಂದು ಬುದ್ಧಿ ಹೇಳುವದಕ್ಕೆ ಬೆಣೆ ಕಿತ್ತು ಸತ್ತ ಕೋತಿಯ ಕಥೆ. ಯುಕ್ತಿಯು ಬಲವನ್ನು ಗೆಲ್ಲುವದೆಂಬುದಕ್ಕೆ ಮೊಲವು ಸಿಂಹವನ್ನು ಬಾವಿಗೆ ಕೆಡವಿದ ಕಥೆ. ಪಂಚತಂತ್ರದಲ್ಲಿ ಉಪಕಥೆಗಳೇ ವಾದ, ಉಪಕಥೆಗಳೇ ಆಯುಧ. ಅವುಗಳನ್ನು ದಾಟಿ ಹೋದವನಿಗೆ ಎತ್ತು ಸತ್ತದ್ದು ತಿಳಿದೀತೇ ಹೊರತು, ಏಕೆ ಸತ್ತಿತೆಂಬುದು ತಿಳಿಯಲಾರದು.

ಇನ್ನು ಮಹಾಭಾರತದ ಮಾತು. ಉಪಾಖ್ಯಾನಗಳನ್ನು ಬಿಡಬಹುದೋ ಹೇಗೆ ಎಂಬ ಪ್ರಶ್ನೆಯು ಆ ಗ್ರಂಥದಷ್ಟೇ ಹಳೆಯದೆಂದರೆ ಅತಿಶಯೋಕ್ತಿಯಲ್ಲ. ಯಾಕಂದರೆ ವ್ಯಾಸರು ಉಪಾಖ್ಯಾನಗಳಿಲ್ಲದ ಭಾರತವನ್ನು 24,000 ಶ್ಲೋಕಗಳಲ್ಲಿ ರಚಿಸಿದರೆಂದು ಆದಿಪರ್ವದಲ್ಲಿಯೇ ಹೇಳಿರುವದು. ಲಕ್ಷಶ್ಲೋಕವೆಂದು ಖ್ಯಾತವಾದ ಗ್ರಂಥದಲ್ಲಿ ಬರಿಯ ಎಳೆಯು ಕಾಲುಭಾಗದಷ್ಟೇ ಎಂದಾಯಿತು. ಹೊತ್ತಿಲ್ಲದವರಿಗೆ ಇದಕ್ಕಿಂತ ಅನುಕೂಲವಾದ ಆಧಾರವು ಬೇರೆ ಬೇಕೆ? ಆದರೂ ಲೋಕವು ಏನು ಮಾಡಿತು? ಆ ಸಣ್ಣ ಭಾರತವನ್ನು ಬೇರೆಯಾಗಿ ಕಾಪಾಡಿಕೊಳ್ಳಲಿಲ್ಲ. ಉಪಾಖ್ಯಾನಗಳೊಡನೆ ಕೂಡಿದುದನ್ನೇ ತಲೆಮಾರಿನಿಂದ ತಲೆಮಾರಿಗೆ ಕಾಯ್ದುಕೊಂಡು ಬಂದಿತು.

ಇದರ ಕಾರಣವನ್ನು ನಳೋಪಾಖ್ಯಾನದಿಂದ ತಿಳಿಯಬಹುದು. ಜೂಜಿನಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಕಾಡು ಸೇರಿದ ಧರ್ಮರಾಜನು, ತನಗಿಂತಲೂ ದುಃಖಿಯಾದ ಅರಸನು ಇರುವನೇ ಎಂದು ಬೃಹದಶ್ವ ಮುನಿಯನ್ನು ಕೇಳುವನು. ಮುನಿಯು ನಳನ ಕಥೆಯನ್ನು ಹೇಳುವನು. ಎಳೆಯ ದೃಷ್ಟಿಯಿಂದ ಈ ಅಧ್ಯಾಯಗಳಲ್ಲಿ ಪಾಂಡವರು ಒಂದು ಹೆಜ್ಜೆಯನ್ನೂ ಮುಂದಿಡುವದಿಲ್ಲ. ಆದರೆ ಕೇಳುತ್ತ ಕೂತವನು ತಾನೇ ಜೂಜಿನಲ್ಲಿ ಸೋತವನು. ಪಕ್ಕದಲ್ಲಿ ಕಾಡಿನ ಕಷ್ಟವನ್ನು ಹಂಚಿಕೊಂಡ ಹೆಂಡತಿಯಿರುವಳು. ಆತನಿಗೆ ಆ ಕಥೆಯು ಪರರ ಕಥೆಯಲ್ಲ. ಮೇಲಾಗಿ ಕಥೆಯು ಮುಗಿದ ಮೇಲೆ ಮುನಿಯು ಧರ್ಮರಾಜನಿಗೆ ಅಕ್ಷಹೃದಯವೆಂಬ ಪಗಡೆಯ ಮರ್ಮವನ್ನು ಉಪದೇಶಿಸುವನು. ಮುಂದೆ ಅದೇ ಧರ್ಮರಾಜನು ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಿನಿಂದ ಅಕ್ಷವಿದ್ಯಾ ನಿಪುಣನಾಗಿ ಕೂಡ್ರುವನು. ಜೂಜಿನಲ್ಲಿ ರಾಜ್ಯವನ್ನೇ ಕಳಕೊಂಡವನು ಜೂಜಿನಿಂದಲೇ ಹೇಗೆ ಬದುಕಿದನೆಂದು ನಳನ ಕಥೆಯನ್ನು ದಾಟಿ ಬಂದವನು ಬೆರಗಾಗುವನು. ಕೇಳಿ ಬಂದವನಿಗೆ ಬೆರಗಿಲ್ಲ. ಇದೇ ಬಿಂದು. ಬಿಡಿಯೆಂದು ತೋರಿದ ಕಥೆಯ ಕೊನೆಯಲ್ಲಿ ಎಳೆಯ ಗಂಟು ಅಡಗಿರುವದು. ‘ಬಿಡುವಾದಾಗ ನೋಡಿದರಾಯಿತು’ ಎಂಬ ಮೂರನೆಯ ವಾದಕ್ಕೆ ಇಲ್ಲಿಯೇ ಉತ್ತರವಿರುವದು. ವಿರಾಟಪರ್ವವು ಮುಗಿದ ಮೇಲೆ ನಳನ ಕಥೆಯನ್ನು ಓದಿದರೆ ಅದು ರಮ್ಯವಾಗಿಯೇ ಇದ್ದೀತು; ಆದರೆ ಮಾಡಬೇಕಾದ ಕೆಲಸದ ಸಮಯವು ದಾಟಿ ಹೋಗಿರುವದು.

ಈಗ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ನಮ್ಮ ನೆರೆಯ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕೋಳಿವಾಡದ ನಾರಣಪ್ಪನೇ ಉಪಾಖ್ಯಾನಗಳಲ್ಲಿ ಬಹುಭಾಗವನ್ನು ಕೈಬಿಟ್ಟನಲ್ಲ! ಹತ್ತು ಪರ್ವಗಳಿಗೆ ಕಥೆಯನ್ನು ನಿಲ್ಲಿಸಿ ಉಳಿದುದನ್ನು ತಿಮ್ಮಣ್ಣ ಕವಿಗೆ ಬಿಟ್ಟನಲ್ಲ! ಕುಮಾರವ್ಯಾಸನು ಮಾಡಬಹುದಾದುದನ್ನು ನಾವೇಕೆ ಮಾಡಬಾರದು? ಇದಕ್ಕೆ ಸಮಾಧಾನವು ಹೀಗೆ. ಕವಿಯು ಬಿಡುವದು ಬೇರೆ, ಕೇಳುವವನು ಬಿಡುವದು ಬೇರೆ. ಕುಮಾರವ್ಯಾಸನು ಕೃಷ್ಣಕಥೆಯನ್ನು ಹೇಳುವೆನೆಂದು ತೊಡಗಿ, ಆ ಉದ್ದೇಶಕ್ಕೆ ತಕ್ಕಂತೆ ಒಂದನ್ನು ಕಡಿಮೆ ಮಾಡಿ ಇನ್ನೊಂದನ್ನು ಬೆಳೆಸಿ, ತನ್ನದೇ ಆದ ಒಂದು ಪೂರ್ಣಕೃತಿಯನ್ನು ಕಟ್ಟಿದನು. ಬಿಟ್ಟದ್ದಕ್ಕೆ ಬೆಲೆಯನ್ನೂ ಕೊಟ್ಟನು. ಉತ್ತರಕುಮಾರನ ಪೌರುಷದ ಪ್ರಸಂಗವನ್ನು ನೋಡಿರಿ. ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಹೊರಟು, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ ಆ ಹುಡುಗನ ಕಥೆಯನ್ನು ಬಿಡಿಯಾಗಿಯೇ ಓದಿಸಿ ನಗದ ಊರಿಲ್ಲ. ಮಳೆ ತಡವಾದಾಗ ಕನ್ನಡನಾಡಿನಲ್ಲಿ ವಿರಾಟಪರ್ವವನ್ನಷ್ಟೇ ಓದಿಸುವ ವಾಡಿಕೆಯು ಇಂದಿಗೂ ಕೇಳಬರುವದು. ಮುಗಿಲನ್ನು ನಂಬಿದ ಎರೆಹೊಲದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಹಿಂದಿನ ಮುಂದಿನ ಪರ್ವಗಳನ್ನು ಬಿಟ್ಟು ನಡುವಿನ ಒಂದನ್ನೇ ತೆಗೆದು ಓದಿದರೂ ಅದು ಪೂರ್ಣವಾಗಿ ನಿಲ್ಲುವದು. ಕವಿಯು ಬಿಡಿಕಥೆಯ ಶತ್ರುವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಇದಲ್ಲದೆ ಒಬ್ಬ ಕವಿಯು ಹಿಂದೆ ಸರಿಸಿದುದನ್ನು ಇನ್ನೊಬ್ಬನು ಎದೆಗೆ ಅವಚಿಕೊಳ್ಳುವನು. ನಳನ ಕಥೆಯೊಂದನ್ನೇ ಹಿಡಿದು ಕನಕದಾಸರು ‘ನಳಚರಿತ್ರೆ’ಯನ್ನು ರಚಿಸಿದರೆಂಬುದು ಸರ್ವವಿದಿತ.

ಬಿಡಿಕಥೆಯೇ ಮುಖ್ಯಕಥೆಯನ್ನು ಹೊತ್ತು ನಡೆಯುವದಕ್ಕೆ ಲಕ್ಷ್ಮೀಶನ ಜೈಮಿನಿಭಾರತವು ಅತ್ಯುತ್ತಮವಾದ ಉದಾಹರಣೆ. ಅದರ ಎಳೆಯನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಅಶ್ವಮೇಧದ ಕುದುರೆಯು ದೇಶದೇಶಗಳನ್ನು ಸುತ್ತಿ ಹಸ್ತಿನಾವತಿಗೆ ಮರಳಿತು. ಕುದುರೆ ಕಾಲಿಟ್ಟಲ್ಲೆಲ್ಲ ಒಂದೊಂದು ಕಥೆ. ಸುಧನ್ವನದು ಒಂದು, ಬಭ್ರುವಾಹನನದು ಒಂದು, ಮಯೂರಧ್ವಜನದು ಒಂದು. ನಾರದರು ಅರ್ಜುನನಿಗೆ ಹೇಳುವ ಚಂದ್ರಹಾಸನ ಕಥೆ ಇನ್ನೊಂದು. ಕುದುರೆಯು ಬೇಗ ಊರು ಮುಟ್ಟಲೆಂದು ಇವುಗಳನ್ನೆಲ್ಲ ದಾಟಿದವನ ಕೈಯಲ್ಲಿ ಉಳಿಯುವದು ಖಾಲಿ ಲಗಾಮು. ಮತ್ತೂ ಒಂದು ಸೂಕ್ಷ್ಮವುಂಟು. ಅರ್ಜುನನಿಗೂ ಅವನ ಮಗನಾದ ಬಭ್ರುವಾಹನನಿಗೂ ಯುದ್ಧ ನಡೆಯುವಲ್ಲಿ, ರಾಮನೊಡನೆ ಕುಶನು ಕಾದಿದಂತೆ ಎಂಬ ಹೋಲಿಕೆಯ ನೆವದಿಂದ ಜನಮೇಜಯನು ಪ್ರಶ್ನಿಸಲು, ಸೀತಾಪರಿತ್ಯಾಗದ ಕಥೆಯು ಪೂರ್ತಿಯಾಗಿ ಬರುವದು. ಪಾಂಡವರ ಕುದುರೆಗೂ ಸೀತೆಯ ಕಣ್ಣೀರಿಗೂ ಸಂಬಂಧವೇನೆಂದು ಅವಸರದವನು ಕೇಳಿಯಾನು. ಸಂಬಂಧವಿರುವದು ತಂದೆ ಮಕ್ಕಳ ಎದುರುಬದುರಿನಲ್ಲಿ. ಸೀತೆಯ ಕಥೆಯನ್ನು ಕೇಳಿ ನೆನೆದ ಮನಸ್ಸಿನಿಂದ ಬಭ್ರುವಾಹನನ ಬಾಣವನ್ನು ನೋಡುವದು ಒಂದು ಬಗೆ. ಒಣ ಮನಸ್ಸಿನಿಂದ ನೋಡುವದು ಇನ್ನೊಂದು ಬಗೆ.

ಹಳೆಯ ಕಾವ್ಯದ ನ್ಯಾಯವು ಟಿ.ವಿ.ಯ ಪರದೆಗೆ ಅನ್ವಯಿಸುವದೇ ಎಂದು ಕೆಲವರು ಕೇಳಬಹುದು. ಅನ್ವಯಿಸುವದೆಂಬುದಕ್ಕೆ ಕನ್ನಡಿಗರ ಕೈಯಿಂದಲೇ ಆದ ನಿದರ್ಶನವಿರುವದು. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿ, ಎಂಬತ್ತರ ದಶಕದ ಉತ್ತರಾರ್ಧದಲ್ಲಿ ದೂರದರ್ಶನಕ್ಕೆ ಒಪ್ಪಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಎರಡೂ ಬಗೆಯ ಕಂತುಗಳುಂಟು. ಬಾಲಕ ಸ್ವಾಮಿಯ ಕಥೆಯು ಹಲವು ಕಂತುಗಳಲ್ಲಿ ಹರಿಯುವದು. ಮಿಕ್ಕವುಗಳಲ್ಲಿ ಬಹಳಷ್ಟು ಬಿಡಿಯಾದವು. ಸ್ವಾಮಿಯನ್ನು ಮೆಚ್ಚಿದ ಮಕ್ಕಳು ಉಳಿದವುಗಳನ್ನು ಸರಿಸಿ ಆತನ ಕಂತುಗಳನ್ನಷ್ಟೇ ಆರಿಸಿ ನೋಡುವದುಂಟು. ಅದರಿಂದ ಸ್ವಾಮಿಯ ಕಥೆಯೇನೂ ಕೆಡುವದಿಲ್ಲ. ಕೆಡುವದು ಮಾಲ್ಗುಡಿ. ತನಗೆ ಬೇಕಾದ ಮನೆಯ ಮದುವೆಯು ನಿಲ್ಲಬಾರದೆಂದು ಸಾವಿನ ಸುದ್ದಿಯ ಟಪಾಲನ್ನು ತನ್ನ ಚೀಲದಲ್ಲಿಯೇ ತಡೆದಿಟ್ಟುಕೊಂಡ ಅಂಚೆಯವ ತಾನಪ್ಪನನ್ನು ನೋಡದವನಿಗೆ, ಆ ಊರಿನ ಧರ್ಮಸಂಕಟಗಳು ಎಂಥವೆಂಬುದು ತಿಳಿಯಲಾರದು. ಅಲ್ಲಿ ಕಥಾನಾಯಕನು ಸ್ವಾಮಿಯಲ್ಲ, ಊರೇ. ಊರನ್ನು ಎಳೆ ಹಿಡಿದು ತಿಳಿಯಲಿಕ್ಕಾಗದು. ಓಣಿ ಓಣಿ ತಿರುಗಿಯೇ ತಿಳಿಯಬೇಕು.

ಹೊರನಾಡಿನದೊಂದು ಉದಾಹರಣೆಯನ್ನೂ ಕೊಡುವೆನು. ಅಮೇರಿಕೆಯಲ್ಲಿ 1993ರಿಂದ ನಡೆದ ‘ದಿ ಎಕ್ಸ್ ಫೈಲ್ಸ್’ ಎಂಬ ಧಾರಾವಾಹಿಯಲ್ಲಿ, ಅನ್ಯಗ್ರಹದವರ ಒಳಸಂಚಿನ ಉದ್ದವಾದ ಎಳೆಯೊಂದು, ವಾರಕ್ಕೊಂದು ಭೂತವನ್ನು ಹಿಡಿಯುವ ಬಿಡಿಕಂತುಗಳು ಅನೇಕ. ತಡವಾಗಿ ಬಂದವರು ಭೂತಗಳನ್ನು ಬಿಟ್ಟು ಸಂಚನ್ನಷ್ಟೇ ಹಿಂಬಾಲಿಸಲು ಯತ್ನಿಸುವದುಂಟು. ಆದರೆ 1995ರಲ್ಲಿ ಪ್ರಸಾರವಾದ, ಪ್ರತಿಯೊಬ್ಬನ ಸಾವು ಹೇಗೆ ಬರುವದೆಂದು ಮೊದಲೇ ಕಾಣಬಲ್ಲ ಒಬ್ಬ ವಿಮೆಯ ಏಜಂಟನ ಬಿಡಿಕಂತೇ 1996ರಲ್ಲಿ ಉತ್ತಮ ರಚನೆಗೆಂದು ಎಮ್ಮಿ ಪ್ರಶಸ್ತಿಯನ್ನು ಪಡೆಯಿತು. ಎಳೆಯನ್ನಷ್ಟೇ ಹಿಡಿದವನು ದಾಟಿ ಹೋಗುವದು ಇದನ್ನೇ! ದುರ್ಗಸಿಂಹನ ಸವಡಿಗೂ ಆ ದೇಶಕ್ಕೂ ಕಥೆಯ ಧರ್ಮವು ಒಂದೇ ಎಂದು ಇದರಿಂದ ಸಿದ್ಧವಾಗುವದು.

ಇಷ್ಟು ವಿಚಾರಿಸಿದ ಮೇಲೆ, ಲೋಕರೂಢಿಯ ಸಲಹೆಯು ತಲೆಕೆಳಗಾದುದೆಂದು ನನಗೆ ತೋರುವದು. ಕಾಲವಿಲ್ಲದಿದ್ದರೆ ಬಿಡಿಕಂತನ್ನು ಬಿಡು, ಎಳೆಯ ಕಂತನ್ನು ನೋಡು ಎಂದು ಎಲ್ಲರೂ ಹೇಳುವರು. ಆದರೆ ಎಳೆಯ ಕಂತಿನ ಸಾರವನ್ನು ನೋಡಿದವರೊಬ್ಬರು ಎರಡು ಮಾತಿನಲ್ಲಿ ಹೇಳಿಬಿಡಬಲ್ಲರು: ಅಣ್ಣನು ಆಸ್ತಿಯ ಕಾಗದಕ್ಕೆ ರುಜು ಹಾಕಿದನು, ಸೊಸೆಯು ತವರಿಗೆ ಹೋದಳು, ಕಳೆದ ಮಗನು ದೊರೆತನು. ತಿಳಿಯಿತು; ಮುಂದೆ ಸಾಗಬಹುದು. ಸಂಗತಿಯನ್ನು ಬಾಯಿಂದ ಬಾಯಿಗೆ ದಾಟಿಸಲಿಕ್ಕೆ ಬರುವದು. ಬಿಡಿಕಂತನ್ನು ಹಾಗೆ ದಾಟಿಸಲಿಕ್ಕೆ ಬಾರದು. ‘ಅಂಚೆಯವನು ಟಪಾಲನ್ನು ತಡೆದನು’ ಎಂದು ಹೇಳಿದರೆ ಕೇಳಿದವನಿಗೆ ಏನೂ ದೊರೆಯದು. ಆ ಕಂತಿನ ಬೆಲೆಯು ಸಂಗತಿಯಲ್ಲಿಲ್ಲ, ತಡೆದವನ ಮುಖದಲ್ಲಿರುವದು. ಸಂಗ್ರಹಿಸಬಹುದಾದುದನ್ನು ಸಂಗ್ರಹವಾಗಿ ಕೇಳಿ, ಸಂಗ್ರಹಿಸಲಾಗದುದನ್ನು ಕಣ್ಣಾರೆ ನೋಡಬೇಕೆಂಬುದೇ ಯುಕ್ತವಾದ ಕ್ರಮ. ಆದಕಾರಣ ಬಿಡಲೇಬೇಕಾದರೆ ಎಳೆಯನ್ನು ಬಿಟ್ಟು ಹಿರಿಯರನ್ನು ಕೇಳಿರಿ. ಒಳ್ಳೆಯ ಬಿಡಿಕಂತನ್ನು ಬಿಡಬೇಡಿರಿ.

‘ಒಳ್ಳೆಯ’ ಎಂಬ ವಿಶೇಷಣವನ್ನು ಬುದ್ಧಿಪೂರ್ವಕವಾಗಿ ಇಟ್ಟಿರುವೆನು. ಪೂರ್ವಪಕ್ಷದ ಎರಡನೆಯ ವಾದವು ಇಲ್ಲಿ ತನ್ನ ನ್ಯಾಯವನ್ನು ಪಡೆಯಲಿ. ಎಲ್ಲ ಬಿಡಿಕಂತುಗಳೂ ನಳೋಪಾಖ್ಯಾನಗಳಲ್ಲ. ನಮ್ಮ ಈಗಿನ ದಿನಧಾರಾವಾಹಿಗಳಲ್ಲಿ ನಿಜವಾದ ಬಿಡಿಕಂತು ಬಹು ವಿರಳ. ಅದರ ವೇಷದಲ್ಲಿ ಬರುವವುಗಳೇ ಹೆಚ್ಚು. ಹಬ್ಬ ಬಂದಾಗ ಮನೆಯವರೆಲ್ಲ ಹೊಸ ಬಟ್ಟೆಯುಟ್ಟು ಕುಣಿಯುವ ಸಂಚಿಕೆಗಳು, ಎರಡು ಧಾರಾವಾಹಿಗಳ ಪಾತ್ರಗಳನ್ನು ಒಂದೇ ಮಂಟಪಕ್ಕೆ ತಂದು ನಿಲ್ಲಿಸುವ ‘ಮಹಾಸಂಗಮ’ಗಳು, ಒಂದು ಕಪಾಳಮೋಕ್ಷವನ್ನು ಮೂರು ಸಲ ತಿರುಗಿಸಿ ತೋರಿಸಿ ತಾಸು ತುಂಬಿಸುವ ‘ಮಹಾಸಂಚಿಕೆ’ಗಳು ಎಳೆಯನ್ನೂ ಮುಂದೆ ಸಾಗಿಸುವದಿಲ್ಲ, ತಮ್ಮಲ್ಲಿ ತಾವು ಪೂರ್ಣವೂ ಅಲ್ಲ. ಇವುಗಳನ್ನು ಪ್ರಕರಿಯೆಂದು ಕರೆದರೆ ಧನಂಜಯನಿಗೆ ಅವಮಾನ. ಕಥೆಯನ್ನು ಜಗ್ಗುವದು ಬೇರೆ, ಕಥೆಗೆ ಕೊಂಬೆಯೊಡೆಯುವದು ಬೇರೆ.

ಎರಡನ್ನೂ ಬೇರ್ಪಡಿಸುವದಕ್ಕೆ ಮೂರು ಪರೀಕ್ಷೆಗಳನ್ನು ಸೂಚಿಸುವೆನು. ಮೊದಲನೇದು: ಆ ಕಂತನ್ನು ಹಿಂದುಮುಂದಿಲ್ಲದೆ ಅಪರಿಚಿತನೊಬ್ಬನ ಮುಂದಿಟ್ಟರೆ ಆತನಿಗೆ ತೃಪ್ತಿಯಾದೀತೇ? ವಿರಾಟಪರ್ವದಂತೆ ಅದು ತಾನಾಗಿ ನಿಲ್ಲಬಲ್ಲದೇ? ಎರಡನೇದು: ಅದನ್ನು ನೋಡಿದ ಮೇಲೆ ಮುಖ್ಯಪಾತ್ರಗಳಲ್ಲಿ ಯಾರನ್ನಾದರೂ ಮೊದಲಿಗಿಂತ ಬೇರೆಯಾಗಿ ಕಾಣುವೆವೇ? ಮೂರನೇದು: ಎಲ್ಲಿಯಾದರೂ ಒಂದು ಬಿಂದುವನ್ನು, ಮುಂದೆ ಬಿಚ್ಚತಕ್ಕ ಗಂಟೊಂದನ್ನು ಅದು ಇಟ್ಟಿರುವದೇ? ಮೂರರಲ್ಲಿ ಒಂದಕ್ಕೆ ಹೌದೆಂದು ಉತ್ತರ ಬಂದರೂ ಆ ಕಂತನ್ನು ನೋಡತಕ್ಕದ್ದು. ಮೂರನೆಯದಕ್ಕೆ ಹೌದೆಂದರೆ ಅದರ ಸ್ಥಾನದಲ್ಲಿಯೇ ನೋಡತಕ್ಕದ್ದು. ಮೂರಕ್ಕೂ ಇಲ್ಲವೆಂದು ಬಂದರೆ ನಿಶ್ಚಿಂತೆಯಾಗಿ ಬಿಡಬಹುದು. ನೋಡುವ ಮೊದಲೇ ಈ ಪರೀಕ್ಷೆಯನ್ನು ಮಾಡುವದು ಹೇಗೆಂದರೆ, ನೋಡಿದವರನ್ನು ಕೇಳಿ ಮಾಡಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಈ ಕೇಳುವ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವದು. ಶ್ರಾವಣಮಾಸದಲ್ಲಿ ನಮ್ಮ ಕಡೆಯ ಗುಡಿ ಮಠಗಳಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುವದು. ಭೀಮಕವಿಯು 1369ರಲ್ಲಿ ಮುಗಿಸಿದ ಬಸವಪುರಾಣವನ್ನೇ ತೆಗೆದುಕೊಳ್ಳಿರಿ. ಬಸವಣ್ಣನವರ ಕಥೆಯ ನಡುನಡುವೆ ಎಷ್ಟೊಂದು ಭಕ್ತರ ಬಿಡಿಕಥೆಗಳು! ಪ್ರತಿನಿತ್ಯವೂ ತಪ್ಪದೆ ಬರುವದು ಯಾರಿಗೆ ಸಾಧ್ಯ? ಹೊಲದ ಕೆಲಸವಿರುವದು, ಮನೆಯಲ್ಲಿ ಬೇನೆ ಬೇಸರಿಕೆಗಳಿರುವವು. ತಪ್ಪಿಸಿಕೊಂಡವಳು ಮರುದಿನ ಪಕ್ಕದಲ್ಲಿ ಕೂತವಳನ್ನು “ಯಕ್ಕಾ, ನಿನ್ನೆ ಪುರಾಣ ಎಲ್ಲಿಗೆ ಬಂತು?” ಎಂದು ಕೇಳುವಳು. ಆಕೆಯು ಎಳೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, “ಬಾಕಿದ್ದು ಇರ್ಲಿ ತಂಗೀ, ಸಿರಿಯಾಳನ ಕಥಿ ಹೇಳಿದ್ರು ನೋಡು, ನೀ ಇರಬೇಕಾಗಿತ್ತು” ಎನ್ನುವಳು. ಮೇಲಿನ ಸಿದ್ಧಾಂತವೆಲ್ಲವೂ ಈ ಒಂದು ಉತ್ತರದಲ್ಲಿರುವದು. ಎಳೆಯನ್ನು ಹೇಳಿದಳು, ಬಿಡಿಕಥೆಗೆ ಮಾತ್ರ ‘ನೀನಿರಬೇಕಾಗಿತ್ತು’ ಎಂದಳು.

ಇಂದು ಕಳೆದುಹೋಗುತ್ತಿರುವದು ಈ ಪ್ರಶ್ನೋತ್ತರವೇ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಮೊಬೈಲುಗಳು. ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಒಬ್ಬೊಬ್ಬರೇ, ವೇಗವನ್ನು ಒಂದೂವರೆ ಪಟ್ಟು ಮಾಡಿ, ಬೇಕಾದುದನ್ನು ಬೆರಳಿನಿಂದ ಹಾರಿಸುತ್ತ, ಗುತ್ತಿಗೆಯ ಕೆಲಸದಂತೆ ಕಂತುಗಳನ್ನು ತೀರಿಸುವರು. ಯಾವುದನ್ನು ಬಿಡಬಹುದೆಂದು ಊರೂ ಹೆಸರೂ ಅರಿಯದವರನ್ನ ಕೇಳುವರೇ ಹೊರತು, ಅದೇ ಧಾರಾವಾಹಿಯನ್ನು ಮೊದಲೇ ನೋಡಿ ಮುಗಿಸಿ ಪಕ್ಕದ ಕೋಣೆಯಲ್ಲಿ ಕೂತ ಅಜ್ಜಿಯನ್ನು ಕೇಳುವದಿಲ್ಲ. ಅಜ್ಜಿಗೆ ಎಳೆಯೆಲ್ಲವೂ ಬಾಯಿಪಾಠವಿರುವದು. ಹೇಳಬೇಕೆಂಬ ಆಸೆಯೂ ಇರುವದು. 286 ತಾಸುಗಳ ಕಥೆಯನ್ನು ಆಕೆಯು ಜೋಳದ ರೊಟ್ಟಿ ಬಡಿಯುತ್ತ ಎರಡು ಸಂಜೆಗಳಲ್ಲಿ ಹೇಳಿಯಾಳು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟು. ತಡವಾಗಿ ಕಥೆ ಹಿಡಿದವರು ಎಳೆಯನ್ನು ಮನೆಯ ಹಿರಿಯರ ಬಾಯಿಂದ ಕೇಳಿ ತಿಳಿಯಲಿ. ಅದರಿಂದ ಕಾಲವೂ ಉಳಿಯುವದು, ಮಾತೂ ಬೆಳೆಯುವದು. ಆ ಹಿರಿಯರು ‘ಇದನ್ನು ನೀನು ನೋಡಲೇಬೇಕು’ ಎಂದು ತೋರಿಸಿದ ಬಿಡಿಕಂತನ್ನು ದೀಪ ಹಚ್ಚಿದ ಮೇಲೆ ಎಲ್ಲರೂ ಕೂಡಿ, ಹಾರಿಸದೆ, ಅದರ ಸಹಜವಾದ ವೇಗದಲ್ಲಿಯೇ ನೋಡಲಿ. ಮುಖ್ಯಕಥೆಯು ಎಲ್ಲಿಗೆ ಮುಟ್ಟಿತೆಂಬುದು ಕೆಲವು ದಿನಗಳಲ್ಲಿ ಮರೆತು ಹೋಗುವದು. ಕಾಡಿನಲ್ಲಿ ಕೂತು ಕೇಳಿದ ನಳನ ಕಥೆಯು ಧರ್ಮರಾಜನಿಗೆ ವಿರಾಟನಗರದಲ್ಲಿ ಒದಗಿದಂತೆ, ಕೂಡಿ ಕೂತು ನೋಡಿದ ಬಿಡಿಕಥೆಯೊಂದು ಮನೆಯವರಲ್ಲಿ ಯಾರಿಗಾದರೂ ಮುಂದೆಂದೋ ಒದಗೀತು.